ಹಂಗಿಲ್ಲದ ಫೀಸು

ಕಾಲೇಜಿನಲ್ಲಿದ್ದ ಮೂರು ವರ್ಷವೂ ನಾನು ಹೆಸರೇ ಗೊತ್ತಿಲ್ಲದ ಒಬ್ಬರಿಗೆ ಪತ್ರ ಬರೆದೆ. ವರ್ಷಕ್ಕೊಂದು. ಸ್ಕಾಲರ್‌ಶಿಪ್ ಹಣ ಕೈಗೆ ಬರಬೇಕಾದರೆ ಮೊದಲು ಧನ್ಯವಾದದ ಪತ್ರ ಕೊಡಬೇಕು ಅನ್ನೋದು ಆಫೀಸಿನ ನಿಯಮ. ಅಲ್ಲಿನ ಗುಮಾಸ್ತರು ಒಂದು ಮಾದರಿ ಪತ್ರ ಇಟ್ಟುಕೊಂಡಿದ್ದರು. ಜೆರಾಕ್ಸ್‌ನ ಜೆರಾಕ್ಸ್ ತೆಗೆದು ತೆಗೆದು ಅದರ ಅಂಚೆಲ್ಲ ಕಪ್ಪಾಗಿತ್ತು. 'ಮಾನ್ಯರೇ, ತಮ್ಮ ಉದಾರ ನೆರವಿನಿಂದ ನನ್ನ ಬಾಳು ಬೆಳಗಿದೆ' ಅಂತ ಶುರು. ಹಣ ಇನ್ನೂ ಬಂದೇ ಇಲ್ಲ, ಬಾಳು ಆಗಲೇ ಬೆಳಗಿಬಿಟ್ಟಿದೆ! ಹತ್ತು ಹನ್ನೆರಡು ಜನ ಸಾಲಾಗಿ ಕೂತು ಅದನ್ನೇ ನಕಲು ಮಾಡುತ್ತಿದ್ದೆವು.

ಮೂರನೇ ವರ್ಷ ನನಗೆ ಏನನ್ನಿಸಿತೋ, ಸ್ವಂತವಾಗಿ ಬರೆದೆ. ಹೋದ ವರ್ಷ ನೀವು ಕೊಟ್ಟ ಹಣದಲ್ಲಿ ಫೀಸು ಕಟ್ಟಿ ಸ್ವಲ್ಪ ಉಳಿಯಿತು. ಅದರಲ್ಲಿ ಕನ್ನಡಕ ಮಾಡಿಸಿಕೊಂಡೆ. ಈಗ ಹಿಂದಿನ ಬೆಂಚಿನಿಂದಲೂ ಬೋರ್ಡ್ ಕಾಣುತ್ತದೆ. ಸಂಜೆಯಾದರೆ ಬರುತ್ತಿದ್ದ ತಲೆನೋವು ಹೋಯಿತು. ಹೀಗೆ ಒಂದು ಪುಟ. ಗುಮಾಸ್ತರು ಓದಿ ವಾಪಸ್ ಕೊಟ್ಟರು. "ಫೀಸಿಗೆ ಅಂತ ಕೊಟ್ಟ ದುಡ್ಡಲ್ಲಿ ಕನ್ನಡಕ ತಗೊಂಡೆ ಅಂತ ಬರೀತೀಯಲ್ಲಮ್ಮ, ಆಡಿಟ್‌ನವರು ನೋಡಿದ್ರೆ? ಸುಮ್ನೆ ಅದರಲ್ಲಿರೋ ಹಾಗೆ ಬರಿ."

ಬರೆದೆ. ಬಾಳು ಮೂರನೇ ಸಲ ಬೆಳಗಿತು.

ಕೊಟ್ಟವರಿಗೆ ಕನ್ನಡಕದ ವಿಷಯ ಕೊನೆಗೂ ತಿಳಿಯಲೇ ಇಲ್ಲ. ಇಷ್ಟು ವರ್ಷವಾದರೂ ನನಗೆ ಅದೊಂದು ಬೇಜಾರು ಉಳಿದಿದೆ.

ಕೆಲಸಕ್ಕೆ ಸೇರಿ ಆರೇಳು ವರ್ಷವಾದ ಮೇಲೆ ಅದೇ ಆಫೀಸಿಗೆ ಹೋದೆ. ಕೊಟ್ಟವರು ಯಾರು, ಒಮ್ಮೆ ನೋಡಬಹುದಾ ಅಂತ ಕೇಳಲು. ಹಳೆಯ ಗುಮಾಸ್ತರು ನಿವೃತ್ತರಾಗಿದ್ದರು. ಹೊಸಬರು ಒಂದು ದಪ್ಪ ಲೆಡ್ಜರ್ ತೆಗೆದು ನೋಡಿದರು. ಕೊಟ್ಟವರು ನಾನು ಕಾಲೇಜು ಸೇರುವ ಮೊದಲೇ ತೀರಿಹೋಗಿದ್ದರು. ಅಂದರೆ ನಾನು ಮೂರು ವರ್ಷ ಪತ್ರ ಬರೆದದ್ದು ಇಲ್ಲದವರಿಗೆ. ಅವರು ಹಿಂದೆ ಯಾವಾಗಲೋ ಒಂದು ದತ್ತಿನಿಧಿ ಇಟ್ಟಿದ್ದರು. ಅದರ ಬಡ್ಡಿಯಲ್ಲಿ ನಮ್ಮ ಫೀಸು. ಲೆಡ್ಜರಿನ ಮೊದಲ ಪುಟದಲ್ಲಿ ಅವರ ಕೈಬರಹದ ಕಾಗದವೊಂದನ್ನು ಅಂಟಿಸಿದ್ದರು. ತಾನು ಓದಿದ್ದು ಬೇರೊಬ್ಬರ ದುಡ್ಡಿನಲ್ಲಿ, ಅವರಿಗೆ ಹಿಂತಿರುಗಿಸಲು ಹೋದಾಗ ಬೇಡವೆಂದರು, ಅದಕ್ಕೆ ಈ ನಿಧಿ, ಅಂತ ನಾಲ್ಕು ಸಾಲು.

ಇನ್ನೊಂದು ವಿಷಯವೂ ಕಣ್ಣಿಗೆ ಬಿತ್ತು. ನನ್ನ ಕಾಲದಲ್ಲಿ ಎಷ್ಟು ಕೊಡುತ್ತಿದ್ದರೋ ಈಗಲೂ ಅಷ್ಟೇ ಕೊಡುತ್ತಿದ್ದರು. ಆಗ ಅದು ಒಂದು ವರ್ಷದ ಫೀಸಿಗೆ ಸಾಕಾಗಿ ಕನ್ನಡಕಕ್ಕೂ ಉಳಿದಿತ್ತು. ಈಗ ಪರೀಕ್ಷೆ ಶುಲ್ಕಕ್ಕೂ ಸಾಲದು. ಆದರೂ ಪತ್ರ ಬರೆಸುತ್ತಿದ್ದರು. ಅದೇ ಮಾದರಿ.

ದತ್ತಿನಿಧಿಯ ಲೆಕ್ಕ ಗೊತ್ತಿರುವವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಮೂಲಧನ ಮುಟ್ಟಬಾರದು, ಬಡ್ಡಿ ಮಾತ್ರ ಖರ್ಚು ಮಾಡಬೇಕು ಅಂತ ನಿಯಮ ಮಾಡಿಟ್ಟು ಹೋಗುತ್ತಾರೆ. ಕೇಳಲು ಭದ್ರವಾಗಿಯೇ ಇದೆ. ಆದರೆ ಬಡ್ಡಿಯನ್ನೆಲ್ಲ ಖರ್ಚು ಮಾಡಿದರೆ ಮೂಲಧನ ಇದ್ದಷ್ಟೇ ಇರುತ್ತದೆ, ಬೆಲೆಗಳು ಮಾತ್ರ ಏರುತ್ತ ಹೋಗುತ್ತವೆ. ವರ್ಷಕ್ಕೆ ನೂರಕ್ಕೆ 6ರಂತೆ ಬೆಲೆ ಏರಿದರೆ 12 ವರ್ಷದಲ್ಲಿ ಹಣದ ಬೆಲೆ ಅರ್ಧ. 24 ವರ್ಷಕ್ಕೆ ಕಾಲು ಭಾಗ. ಅದಕ್ಕೇ ದೊಡ್ಡ ವಿಶ್ವವಿದ್ಯಾಲಯಗಳು ನಿಧಿಯಿಂದ ವರ್ಷಕ್ಕೆ ನೂರಕ್ಕೆ ನಾಲ್ಕೈದರಷ್ಟು ಮಾತ್ರ ತೆಗೆದು, ಉಳಿದ ಗಳಿಕೆಯನ್ನು ಮತ್ತೆ ನಿಧಿಗೇ ಸೇರಿಸುತ್ತವೆ. ಅಂದರೆ ವರ್ಷಕ್ಕೆ ಒಬ್ಬರ ಫೀಸು ಕಟ್ಟಬೇಕಾದರೆ ಅದರ 20ರಿಂದ 25 ಪಟ್ಟು ಹಣ ಮೂಲದಲ್ಲಿರಬೇಕು. ಇದನ್ನು ಲೆಕ್ಕ ಹಾಕಿ ನೋಡಿದ ದಿನ ನನ್ನ ಹೆಸರಲ್ಲೂ ಒಂದು ದತ್ತಿ ಇಡೋಣ ಅನ್ನೋ ಆಸೆ ತಣ್ಣಗಾಯಿತು.

ಆ ಹೊತ್ತಿನಲ್ಲೇ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಕಥೆ ಓದಿದೆ. ಎಲ್ಲರಿಗೂ ಗೊತ್ತಿರೋದು ಗಾಳಿಪಟ ಹಾರಿಸಿ ಮಿಂಚಿನ ಬೆನ್ನು ಹತ್ತಿದ ಫ್ರಾಂಕ್ಲಿನ್. ನನಗೆ ಹಿಡಿಸಿದ್ದು ಅವನ ಉಯಿಲು. ಮೇಣದಬತ್ತಿ, ಸೋಪು ಮಾಡುವವನ ಮಗ. ಶಾಲೆಗೆ ಹೋಗಿದ್ದು ಎರಡೇ ವರ್ಷ. ಆಮೇಲೆ ಮುದ್ರಣದ ಕೆಲಸ ಕಲಿತ. ಫಿಲಡೆಲ್ಫಿಯಾದಲ್ಲಿ ಸ್ವಂತ ಪ್ರೆಸ್ ಹಾಕಲು ಇಬ್ಬರು ಗೆಳೆಯರು ಸಾಲ ಕೊಟ್ಟರು. ತನ್ನ ಸಿರಿಗೆಲ್ಲ ಅದೇ ಬುನಾದಿ ಅಂತ ಉಯಿಲಿನಲ್ಲೇ ಬರೆದಿಟ್ಟ. 1790ರಲ್ಲಿ ತೀರಿಕೊಂಡಾಗ ಬೋಸ್ಟನ್‌ಗೆ 1000 ಪೌಂಡ್, ಫಿಲಡೆಲ್ಫಿಯಾಕ್ಕೆ 1000 ಪೌಂಡ್ ಬಿಟ್ಟುಹೋದ. ಕಸುಬು ಕಲಿತು ಮುಗಿಸಿದ ಹುಡುಗರಿಗೆ ಅದನ್ನು ನೂರಕ್ಕೆ 5ರ ಬಡ್ಡಿಗೆ ಸಾಲ ಕೊಡಬೇಕು. ಅವರು ತೀರಿಸಿದ ಹಣ ಮುಂದಿನವರಿಗೆ. ಹೀಗೆ 200 ವರ್ಷ!

ನಡೆಯಿತಾ ಅಂತ ಕೇಳಿದರೆ, ನಡೆಯಿತು, ಆದರೆ ಅವನು ಅಂದುಕೊಂಡ ಹಾಗಲ್ಲ. ಸಾಲ ಪಡೆಯುವವನು 25 ವರ್ಷದೊಳಗಿರಬೇಕು, ಮದುವೆಯಾಗಿರಬೇಕು, ಒಬ್ಬ ಯಜಮಾನನ ಕೈಕೆಳಗೆ ಕಸುಬು ಕಲಿತಿರಬೇಕು, ಇಬ್ಬರ ಜಾಮೀನು ಕೊಡಬೇಕು. ಅವನ ಕಾಲಕ್ಕೆ ಎಲ್ಲವೂ ಸರಿಯೇ. ಆದರೆ ಕಾರ್ಖಾನೆಗಳು ಬಂದವು. ಯಜಮಾನನ ಮನೆಯಲ್ಲಿದ್ದು ಕಸುಬು ಕಲಿಯುವ ಪದ್ಧತಿಯೇ ಮಾಯವಾಗುತ್ತ ಬಂತು. ಸಾಲ ಕೇಳಿ ಬರುವವರು ಕಡಿಮೆಯಾದರು. 1990ರಲ್ಲಿ 200 ವರ್ಷ ತುಂಬಿದಾಗ ಬೋಸ್ಟನ್ ನಿಧಿ 40 ಲಕ್ಷ ಡಾಲರ್ ದಾಟಿತ್ತು. ಫಿಲಡೆಲ್ಫಿಯಾದ್ದು ಸುಮಾರು 20 ಲಕ್ಷ. ಬೆಳೆದದ್ದು ನಿಜ. ಆದರೆ ಯಾರಿಗಾಗಿ ಇಟ್ಟನೋ ಅಂಥವರೇ ಇಲ್ಲವಾಗಿದ್ದರು.

ಇದೇ ಫ್ರಾಂಕ್ಲಿನ್ ಉಯಿಲಿಗಿಂತ ಮೊದಲು, 1784ರಲ್ಲಿ, ಇನ್ನೂ ಸರಳವಾದ ಒಂದು ಕೆಲಸ ಮಾಡಿದ್ದ. ಆಗ ಫ್ರಾನ್ಸ್‌ನಲ್ಲಿದ್ದ. ಕಷ್ಟದಲ್ಲಿದ್ದ ಬೆಂಜಮಿನ್ ವೆಬ್ ಎಂಬಾತನಿಗೆ ಸ್ವಲ್ಪ ಹಣ ಕಳಿಸಿ ಜೊತೆಗೊಂದು ಕಾಗದ ಬರೆದ. ಇದನ್ನು ನಾನು ದಾನ ಕೊಡುತ್ತಿಲ್ಲ, ಸಾಲವಾಗಿ ಕೊಡುತ್ತಿದ್ದೇನೆ. ನೀನು ಚೇತರಿಸಿಕೊಂಡ ಮೇಲೆ ನಿನ್ನ ಹಾಗೇ ಕಷ್ಟದಲ್ಲಿರುವ ಒಬ್ಬ ಪ್ರಾಮಾಣಿಕನನ್ನು ಕಂಡರೆ ಇದನ್ನು ಅವನಿಗೆ ಕೊಡು, ಮುಂದಿನವರಿಗೆ ಕೊಡು ಅಂತ ಅವನಿಗೂ ಹೇಳು, ನನ್ನ ಸಾಲ ಅಲ್ಲಿಗೆ ತೀರಿತು, ಅನ್ನೋ ಅರ್ಥದ ಮಾತು. ಕಡಿಮೆ ದುಡ್ಡಲ್ಲಿ ಜಾಸ್ತಿ ಒಳ್ಳೆಯದು ಮಾಡಲು ನಾನು ಹೂಡಿದ ಉಪಾಯ ಇದು ಅಂತ ತಮಾಷೆಯಾಗಿಯೂ ಬರೆದಿದ್ದಾನೆ. ಜಾಮೀನಿಲ್ಲ, ವಯಸ್ಸಿನ ಲೆಕ್ಕವಿಲ್ಲ. ಒಬ್ಬನೇ ಮನುಷ್ಯ ಎರಡು ಥರ ಕೊಟ್ಟ. ಉಯಿಲಿನ ಲೆಕ್ಕವನ್ನು ಎರಡು ನಗರಗಳು ಇಟ್ಟವು. ಆ ಕಾಗದದ ಜೊತೆ ಹೋದ ಹಣ ಯಾರ ಕೈಯಿಂದ ಯಾರ ಕೈಗೆ ಹೋಯಿತೋ, ಲೆಕ್ಕ ಇಟ್ಟವರು ಯಾರೂ ಇಲ್ಲ.

ನಮ್ಮಲ್ಲಿ ಇದಕ್ಕೆ ಮೂರು ಮಾತುಗಳಿವೆ. ಸಾಲ, ಋಣ, ಹಂಗು. ಸಾಲ ಕೊಟ್ಟವರಿಗೇ ಹಿಂತಿರುಗಬೇಕು, ಅದಕ್ಕೊಂದು ಅಂಕಿ ಇರುತ್ತದೆ. ಋಣಕ್ಕೆ ಅಂಕಿ ಇಲ್ಲ. ಕೊಟ್ಟವರಿಗೇ ತೀರಿಸಬೇಕು ಅಂತಲೂ ಇಲ್ಲ, ಎಲ್ಲೋ ಪಡೆದದ್ದನ್ನು ಇನ್ನೆಲ್ಲೋ ತೀರಿಸಬಹುದು. ಹಂಗು ಅಂದರೆ ಬೇರೆಯೇ. ಕೊಟ್ಟವರ ಎದುರು ತಲೆ ತಗ್ಗಿಸುವಂತೆ ಮಾಡುವುದು ಅದು. ದುಡ್ಡು ಚಿಕ್ಕದಿದ್ದರೂ ಹಂಗು ದೊಡ್ಡದಿರಬಹುದು. ಓದಿಸುವವರು ಋಣ ಹುಟ್ಟಿಸಲಿ, ತೊಂದರೆಯಿಲ್ಲ. ಹಂಗು ಹುಟ್ಟಿಸಬಾರದು. ಸ್ಕಾಲರ್‌ಶಿಪ್ ಪಡೆದು ಓದಿದವರಿಗೆ ಈ ವ್ಯತ್ಯಾಸವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಮೈಗೆ ತಾಗಿದ ವಿಷಯ ಅದು. ಚೆಕ್ ಹಿಡಿದು ವೇದಿಕೆ ಮೇಲೆ ನಿಂತು, ಫೋಟೋದವನು "ಸ್ವಲ್ಪ ನಗಮ್ಮ" ಅಂದದ್ದು ನನಗೆ ಇನ್ನೂ ನೆನಪಿದೆ. ಕೆಳಗೆ ಕ್ಲಾಸಿನವರೆಲ್ಲ ಕೂತಿದ್ದರು. ಅವತ್ತಿನವರೆಗೆ ನಾನು ಫೀಸಿಗೆ ಪರದಾಡುವವಳು ಅಂತ ಅವರಲ್ಲಿ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ.

ಹೀಗೆ ಒಂದು ದಿನ, ಅದೇ ದತ್ತಿಯಲ್ಲಿ ಓದಿದ ಹನ್ನೊಂದು ಜನ ಸೇರಿ ನಮ್ಮದೇ ಒಂದು ನಿಧಿ ಶುರು ಮಾಡಿದೆವು. ಮೂಲಧನ ಗಿಲಧನ ಏನಿಲ್ಲ. ತಿಂಗಳು ತಿಂಗಳು ಒಬ್ಬೊಬ್ಬರು ಕೈಲಾದಷ್ಟು ಹಾಕುವುದು, ವರ್ಷಕ್ಕೆ ಎಷ್ಟು ಸೇರುತ್ತದೋ ಅಷ್ಟನ್ನೂ ಖರ್ಚು ಮಾಡಿಬಿಡುವುದು. ಮೊದಲ ವರ್ಷ ಹನ್ನೊಂದರಲ್ಲಿ ನಾಲ್ಕು ಜನ ಮಾತ್ರ ತಪ್ಪದೆ ಹಾಕಿದರು. ಉಳಿದವರು ಗ್ರೂಪಿನಲ್ಲಿ ಕೈ ಮುಗಿಯುವ ಚಿತ್ರ ತಪ್ಪದೆ ಹಾಕಿದರು.

ಬೇರೆಯವರಿಗಿಂತ ನಾವು ಚೆನ್ನಾಗಿ ಮಾಡುತ್ತೇವೆ ಅಂತ ನಮಗೆ ಬಹಳ ನಂಬಿಕೆ ಇತ್ತು. ಪಡೆದು ಬಂದವರಲ್ವಾ, ನೋವು ಗೊತ್ತಲ್ವಾ. ಆ ನಂಬಿಕೆಯಲ್ಲಿ ಮಾಡಿದ ಮೊದಲ ಫಾರ್ಮ್ ಆರು ಪುಟ ಇತ್ತು! ಐದನೇ ಪುಟದಲ್ಲಿ ಒಂದು ಪ್ರಶ್ನೆ: 'ನಿಮ್ಮ ಕುಟುಂಬದ ಕಷ್ಟವನ್ನು 500 ಪದಗಳಲ್ಲಿ ವಿವರಿಸಿ.' ಅದನ್ನು ಬರೆದದ್ದು ಯಾರು ಅಂತ ಈಗ ಯಾರೂ ಒಪ್ಪಿಕೊಳ್ಳುವುದಿಲ್ಲ. ನಾನೇ ಇರಬೇಕು.

ಅರ್ಜಿಗಳು ಬಂದವು. ಒಂದು ಹುಡುಗಿ ಎರಡು ಪುಟ ತುಂಬ ಕಣ್ಣೀರು ಬರುವ ಹಾಗೆ ಬರೆದಿದ್ದಳು. ಇನ್ನೊಬ್ಬ ಹುಡುಗ ಬರೆದದ್ದು ಎರಡೇ ಸಾಲು. 'ಅಪ್ಪ ಇಲ್ಲ. ಫೀಸು ಕಟ್ಟೋಕೆ ಆಗಲ್ಲ.' ಎಲ್ಲರೂ ಅವಳಿಗೆ ಹತ್ತಕ್ಕೆ ಒಂಬತ್ತು ಕೊಟ್ಟು, ಅವನಿಗೆ ಮೂರು ಕೊಟ್ಟೆವು. ಪಟ್ಟಿ ಮುಗಿಯುವ ಹೊತ್ತಿಗೆ ನನ್ನ ಗೆಳತಿಯೊಬ್ಬಳು ಪೆನ್ನು ಕೆಳಗಿಟ್ಟಳು. "ನಾವು ಕಷ್ಟಕ್ಕೆ ಮಾರ್ಕ್ಸ್ ಹಾಕ್ತಾ ಇದೀವಿ ಕಣೇ" ಅಂದಳು. ಯಾರೂ ಮಾತಾಡಲಿಲ್ಲ. ಚೆನ್ನಾಗಿ ಅಳಲು ಬಂದವರಿಗೆ ಫೀಸು, ಬಾರದವರಿಗೆ ಇಲ್ಲ, ಅಂತಾಗಿತ್ತು ನಮ್ಮ ನ್ಯಾಯ. ಅವನ ಎರಡು ಸಾಲಿನಲ್ಲಿ ಇನ್ನೇನು ಬಾಕಿ ಇತ್ತು ಹೇಳಿ? ಇಬ್ಬರಿಗೂ ಕೊಟ್ಟೆವು. ಪ್ರಶ್ನೆ ತೆಗೆದೆವು.

ನೆನಪು ಒಂದು ವಿಚಿತ್ರ ಸಲಹೆಗಾರ. ಎಲ್ಲಿ ಚುಚ್ಚುತ್ತದೆ ಅಂತ ಸರಿಯಾಗಿ ಹೇಳುತ್ತದೆ. ಉದಾಹರಣೆಗೆ ಹಣ ಎಷ್ಟು ಅನ್ನೋದಕ್ಕಿಂತ ಯಾವಾಗ ಅನ್ನೋದು ದೊಡ್ಡದು. ಇದು ಹೊರಗಿನವರಿಗೆ ಬೇಗ ಹೊಳೆಯುವುದಿಲ್ಲ. ಫೀಸು ಕಟ್ಟಲು ಕೊನೆಯ ದಿನ ವರ್ಷದ ಮೊದಲಲ್ಲಿ, ಸ್ಕಾಲರ್‌ಶಿಪ್ ಬರೋದು ವರ್ಷ ಮುಗಿಯುವಾಗ. ನಡುವಿನ ತಿಂಗಳುಗಳಿಗೆ ಮನೆಯವರು ಬಡ್ಡಿಗೆ ಸಾಲ ತಂದಿರುತ್ತಾರೆ. ಸ್ಕಾಲರ್‌ಶಿಪ್ಪಿನ ಒಂದು ಪಾಲು ಸೀದಾ ಆ ಬಡ್ಡಿಗೆ ಹೋಗುತ್ತದೆ. ಕೊಟ್ಟವರು ಮಗುವನ್ನು ಓದಿಸಿದೆ ಅಂದುಕೊಂಡಿರುತ್ತಾರೆ, ಓದಿಸಿದ್ದರಲ್ಲಿ ಸ್ವಲ್ಪ ಬಡ್ಡಿಯವನನ್ನೂ ಸಾಕಿರುತ್ತಾರೆ. ನಾವು ಹನ್ನೊಂದು ಜನಕ್ಕೂ ಇದು ಆಗಿತ್ತು. ಹಾಗಾಗಿ ಸೀಟು ಸಿಕ್ಕ ಹತ್ತು ದಿನದೊಳಗೆ ಹಣ ಕೊಡಬೇಕು ಅನ್ನೋ ನಿಯಮಕ್ಕೆ ಚರ್ಚೆಯೇ ಬೇಕಾಗಲಿಲ್ಲ.

ಹಾಗೇ ಚಿಲ್ಲರೆ ಖರ್ಚಿನ ವಿಷಯ. ಫೀಸು ಮಾಫಿ ಆದರೂ ಕಾಲೇಜು ಬಿಟ್ಟವರನ್ನು ನಾನು ನೋಡಿದ್ದೇನೆ. ಓಡಾಟದ ಖರ್ಚು, ಲ್ಯಾಬ್ ಕೋಟು, ಹಾಸ್ಟೆಲ್ ಡಿಪಾಸಿಟ್, ಒಡೆದ ಫೋನು. ಇವು ಹೆಚ್ಚಿನ ಸ್ಕಾಲರ್‌ಶಿಪ್ಪುಗಳ ಪಟ್ಟಿಯಲ್ಲಿ ಇರುವುದಿಲ್ಲ. ನಮ್ಮ ಲೆಕ್ಕದ ಪುಸ್ತಕದಲ್ಲಿ ಇದಕ್ಕೆಂದೇ ಒಂದು ಕಾಲಮ್ ಇದೆ. ಬಿಲ್ಲು ಕೇಳುವುದಿಲ್ಲ. ಅದರ ಹೆಸರು 'ಕನ್ನಡಕ'.

ಆದರೆ ಅದೇ ನೆನಪು ದಾರಿಯನ್ನೂ ತಪ್ಪಿಸುತ್ತದೆ. ಎರಡನೇ ವರ್ಷದ ಓದಿಗೆ ಹಣ ಮುಂದುವರಿಸಬೇಕಾದರೆ ನೂರಕ್ಕೆ 70 ಅಂಕ ಬರಲೇಬೇಕು ಅಂತ ನಮ್ಮಲ್ಲೊಬ್ಬ ಹಠ ಹಿಡಿದ. "ನಾನು ರಾತ್ರಿ ಪಾಳಿ ಕೆಲಸ ಮಾಡ್ಕೊಂಡು 78 ತೆಗೆದಿದ್ದೆ. ಇವರಿಗೇನಾಗಿದೆ?" ಅವನು ಹೇಳಿದ್ದು ಸುಳ್ಳಲ್ಲ, ಅವನು ತೆಗೆದಿದ್ದು ನಿಜ. ಆದರೆ ಅವನ ಜೊತೆ ಅದೇ ಪಾಳಿ ಮಾಡಿ ಫೇಲಾದವರು ಈ ಸಭೆಯಲ್ಲಿ ಕೂತಿಲ್ಲ. ಅವರು ಯಾವ ನಿಧಿಯ ಸಭೆಯಲ್ಲೂ ಕೂರುವುದಿಲ್ಲ. ಗೆದ್ದವರ ನೆನಪು ಮಾತ್ರ ನಿಯಮವಾಗುತ್ತದೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರಲ್ಲ, ಸೊಸೆಯಾಗಿ ಪಟ್ಟ ಪಾಡೆಲ್ಲ ಅತ್ತೆಯಾದ ಕೂಡಲೇ ಶಿಸ್ತು ಅನ್ನಿಸತೊಡಗುತ್ತದೆ. ಸ್ಕಾಲರ್‌ಶಿಪ್ ಪಡೆದು ಬಂದ ನಾವು ಬಹಳ ಬೇಗ ಅತ್ತೆಯರಾಗುತ್ತೇವೆ. ಕೊನೆಗೆ ಪಾಸಾದರೆ ಸಾಕು, ಫೇಲಾದರೆ ಒಂದು ಅವಕಾಶ ಅಂತ ಮಾಡಿದೆವು. ಅವನಿಗೆ ಇವತ್ತಿಗೂ ಸಮಾಧಾನವಿಲ್ಲ. ದುಡ್ಡು ಮಾತ್ರ ಎಲ್ಲರಿಗಿಂತ ಮೊದಲು ಅವನದೇ ಬರುತ್ತದೆ.

ಷರತ್ತಿನ ಮಾತು ಬಂದಾಗಲೆಲ್ಲ ನನಗೆ ಅಂಬೇಡ್ಕರ್ ನೆನಪಾಗುತ್ತಾರೆ. 1913ರಲ್ಲಿ ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡ್ ಅವರ ಸ್ಕಾಲರ್‌ಶಿಪ್ ಮೇಲೆ ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ತಿಂಗಳಿಗೆ ಹನ್ನೊಂದೂವರೆ ಪೌಂಡ್, ಮೂರು ವರ್ಷ. ಓದು ಮುಗಿಸಿ ಬಂದು ಹತ್ತು ವರ್ಷ ಬರೋಡಾ ಸಂಸ್ಥಾನದಲ್ಲಿ ಕೆಲಸ ಮಾಡಬೇಕು ಅಂತ ಕರಾರು. ಕರಾರಿನಂತೆ 1917ರಲ್ಲಿ ಬಂದರು. ಏನಾಯಿತು ಅಂತ ಗೊತ್ತಲ್ಲ. ಕಚೇರಿಯಲ್ಲಿ ಜವಾನರು ಫೈಲುಗಳನ್ನು ದೂರದಿಂದ ಎಸೆದರು. ಇರಲು ಮನೆ ಸಿಗಲಿಲ್ಲ. ಪಾರ್ಸಿ ವಸತಿಗೃಹದಲ್ಲಿ ಉಳಿದುಕೊಂಡಿದ್ದವರನ್ನು ದೊಣ್ಣೆ ಹಿಡಿದು ಬಂದವರು ಹೊರಗಟ್ಟಿದರು. ಅವರು ಬರೋಡಾ ಬಿಟ್ಟರು. ಹಿಂತಿರುಗಿಸಲು ಬಂದವರನ್ನು ಊರೇ ಒಳಗೆ ಬಿಟ್ಟುಕೊಳ್ಳಲಿಲ್ಲ.

ಕರಾರಿನ ಹತ್ತು ವರ್ಷ ಹೀಗೆ ಮುರಿದುಬಿತ್ತು. ಕರಾರಿನಲ್ಲಿಲ್ಲದ್ದು ಉಳಿಯಿತು. 1940ರ ದಶಕದಲ್ಲಿ ವೈಸರಾಯ್ ಕಾರ್ಯಕಾರಿ ಮಂಡಳಿಯ ಸದಸ್ಯರಾಗಿದ್ದಾಗ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಓದಿಗೆ ಸರ್ಕಾರವೇ ಹಣ ಕೊಡಬೇಕೆಂದು ಪಟ್ಟು ಹಿಡಿದರು. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಲ್ಲಿ ಶುರುವಾಯಿತು. 1945ರಲ್ಲಿ ಪೀಪಲ್ಸ್ ಎಜುಕೇಷನ್ ಸೊಸೈಟಿ ಕಟ್ಟಿದರು, ಮರುವರ್ಷ ಮುಂಬೈಯಲ್ಲಿ ಸಿದ್ಧಾರ್ಥ ಕಾಲೇಜು ತೆರೆದರು. ತನ್ನ ಕಿಸೆಯಿಂದ ಒಬ್ಬರಿಗೆ ಫೀಸು ಕಟ್ಟುವುದು ಒಂದು. ಫೀಸು ಕೊಡುವ ಪದ್ಧತಿಯನ್ನೇ ಹುಟ್ಟಿಸುವುದು ಇನ್ನೊಂದು. ನಮ್ಮಂಥವರಿಗೆ ಮೊದಲನೆಯದೇ ಸಾಧ್ಯ. ಆದರೆ ಎರಡನೆಯದೂ ಇದೆ ಅನ್ನೋದು ನೆನಪಿರಲಿ. ಹನ್ನೊಂದು ಜನರ ನಿಧಿ ವರ್ಷಕ್ಕೆ ಐದಾರು ಮಕ್ಕಳನ್ನು ಮುಟ್ಟುತ್ತದೆ. ಸರ್ಕಾರದ ಹಣ ಮೂರು ತಿಂಗಳು ತಡವಾದರೆ ಸಾವಿರಾರು ಮಕ್ಕಳಿಗೆ ಪೆಟ್ಟು. ಕೆಲವು ಸಲ ದೇಣಿಗೆ ಕೊಡುವುದಕ್ಕಿಂತ ತಡವಾದ ಹಣದ ಬಗ್ಗೆ ಒಂದು ಅರ್ಜಿ ಬರೆದು ಬೆನ್ನು ಹತ್ತುವುದೇ ದೊಡ್ಡ ಕೊಡುಗೆ. ಅದನ್ನು ಮಾಡಿದರೆ ಫೋಟೋ ಬರುವುದಿಲ್ಲ, ಅಷ್ಟೇ.

ಹಾಗಂತ ಹಿಂತಿರುಗಿಸು ಅನ್ನುವ ಕರಾರೇ ತಪ್ಪು ಅಂತ ನಾನು ಹೇಳಲಾರೆ. ಜೆಮ್ಷೆಟ್‌ಜಿ ಟಾಟಾ 1892ರಲ್ಲಿ ಶುರು ಮಾಡಿದ ಜೆ. ಎನ್. ಟಾಟಾ ಎಂಡೋಮೆಂಟ್ ಹೊರದೇಶದ ಓದಿಗೆ ಕೊಡುವುದು ಸಾಲವನ್ನೇ, ತೀರಿಸಿದ ಹಣ ಮುಂದಿನವರಿಗೆ ಹೋಗುತ್ತದೆ. ನೂರು ವರ್ಷಕ್ಕೂ ಮೀರಿ ನಡೆದಿದೆ. ದೊಡ್ಡ ಓದು, ಓದಿದ ಮೇಲೆ ದೊಡ್ಡ ಸಂಬಳ ಬರುವ ದಾರಿ ಇದ್ದರೆ ಸಾಲವೇ ಒಳ್ಳೆಯದು. ಅದರಲ್ಲಿ ಹಂಗಿಲ್ಲ, ತೀರಿಸಿ ಎದ್ದು ನಡೆಯಬಹುದು. ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತುವ ಮಗುವಿನ ತಲೆ ಮೇಲೆ ಸಾಲ ಹೊರಿಸಲು ಮಾತ್ರ ನನಗೆ ಮನಸ್ಸಿಲ್ಲ.

ಕ್ರಿಸ್ ಎಂಬುರು ಅವರ ಕಥೆಗೆ ಬರುತ್ತೇನೆ. ಇದನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ, ಗ್ರೂಪಿನಲ್ಲಿ ಬೈಸಿಕೊಂಡಿದ್ದೂ ಇದೆ. ಕೆನ್ಯಾದ ಒಂದು ಹಳ್ಳಿಯ ಹುಡುಗ. ಓದಿನಲ್ಲಿ ಮುಂದು, ಶಾಲೆ ಫೀಸಿಗೆ ಮನೆಯಲ್ಲಿ ದುಡ್ಡಿಲ್ಲ. ಸ್ವೀಡನ್‌ನಲ್ಲಿ ಪುಟ್ಟ ಮಕ್ಕಳ ಟೀಚರ್ ಆಗಿದ್ದ ಹಿಲ್ಡೆ ಬಾಕ್ ಎಂಬಾಕೆ 1970ರ ದಶಕದಲ್ಲಿ ಅವನ ಫೀಸು ಕಟ್ಟಲು ಮುಂದಾದರು. ಒಂದು ಟರ್ಮಿಗೆ ಸುಮಾರು 15 ಡಾಲರ್. ಹುಡುಗ ಓದಿದ. ನೈರೋಬಿ ವಿಶ್ವವಿದ್ಯಾಲಯ, ಆಮೇಲೆ ಹಾರ್ವರ್ಡ್ ಲಾ ಸ್ಕೂಲ್, ಆಮೇಲೆ ವಿಶ್ವಸಂಸ್ಥೆಯಲ್ಲಿ ಮಾನವ ಹಕ್ಕುಗಳ ವಕೀಲ. 2001ರಲ್ಲಿ ತನ್ನ ಹಾಗಿನ ಮಕ್ಕಳನ್ನು ಓದಿಸಲು ಒಂದು ನಿಧಿ ಶುರು ಮಾಡಿದರು. ತನ್ನ ಹೆಸರಿಡಲಿಲ್ಲ, ಆಕೆಯ ಹೆಸರಿಟ್ಟರು: ಹಿಲ್ಡೆ ಬಾಕ್ ಎಜುಕೇಷನ್ ಫಂಡ್.

ಆಗ ಅವರಿಗೆ ಆಕೆಯ ಬಗ್ಗೆ ಗೊತ್ತಿದ್ದದ್ದು ಹೆಸರು ಮತ್ತು ದೇಶ, ಅಷ್ಟೇ ಅನ್ನಬಹುದು. ಸ್ವೀಡನ್ ರಾಯಭಾರ ಕಚೇರಿಯ ನೆರವಿನಿಂದ ಹುಡುಕಿಸಿದರು. ಸಿಕ್ಕರು! ಮುದುಕಿಯಾಗಿದ್ದರು. ತಾನು ಕಳಿಸಿದ್ದು ಇಷ್ಟು ದೂರ ಹೋಗಿದೆ ಅಂತ ಆಕೆಗೂ ಗೊತ್ತಿರಲಿಲ್ಲ. ಕೆನ್ಯಾಕ್ಕೆ ಬಂದರು. ಆಮೇಲೆ ಗೊತ್ತಾದದ್ದು ಇನ್ನೊಂದು. ಆಕೆ ಜರ್ಮನಿಯಲ್ಲಿ ಹುಟ್ಟಿದ ಯಹೂದಿ. ನಾಜಿಗಳ ಕಾನೂನು ಯಹೂದಿ ಮಕ್ಕಳಿಗೆ ಶಾಲೆ ಬಾಗಿಲು ಮುಚ್ಚಿದಾಗ ಆಕೆಯ ಓದು ನಿಂತಿತ್ತು. ಆಕೆ ತಪ್ಪಿಸಿಕೊಂಡು ಸ್ವೀಡನ್ ಸೇರಿದರು, ಅಪ್ಪ ಅಮ್ಮ ಕ್ಯಾಂಪುಗಳಲ್ಲಿ ಸತ್ತರು. ಜನಾಂಗ ಭೇದ, ಜನಾಂಗ ಹತ್ಯೆಯ ವಿರುದ್ಧ ಕೆಲಸ ಮಾಡುತ್ತಿದ್ದ ಎಂಬುರು ಅವರಿಗೆ, ತನ್ನನ್ನು ಓದಿಸಿದವರು ಅದರಿಂದಲೇ ಪಾರಾಗಿ ಬಂದವರು ಅನ್ನೋದು ಅಷ್ಟು ವರ್ಷ ಗೊತ್ತೇ ಇರಲಿಲ್ಲ. ಈ ಕಥೆ 2010ರಲ್ಲಿ ಸಾಕ್ಷ್ಯಚಿತ್ರವೂ ಆಯಿತು. ಹಿಲ್ಡೆ ಬಾಕ್ 2021ರಲ್ಲಿ ತೀರಿಕೊಂಡರು.

ನನಗೆ ಇದರಲ್ಲಿ ಹೊಟ್ಟೆಕಿಚ್ಚು ಆಗೋದು ಒಂದೇ ಜಾಗದಲ್ಲಿ. ಎಂಬುರು ಹುಡುಕಿದಾಗ ಆಕೆ ಇದ್ದರು. ಅವರಿಗೆ ಕನ್ನಡಕದ ಕಥೆ ಹೇಳಲು ಒಬ್ಬರು ಸಿಕ್ಕರು.

ಎಷ್ಟು ಕೊಡಬೇಕು ಅಂತ ಹೊಸದಾಗಿ ಸೇರುವವರು ಕೇಳುತ್ತಾರೆ. ಅಮೆರಿಕದ ಶ್ರೀಮಂತ ಉದ್ಯಮಿ ಮೈಕಲ್ ಬ್ಲೂಮ್‌ಬರ್ಗ್ ಅವರ ಉದಾಹರಣೆ ಕೊಡುತ್ತೇನೆ. ಅವರು 1964ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಓದು ಮುಗಿಸಿದರು. ಸರ್ಕಾರದ ಸಾಲ ಪಡೆದು, ಕ್ಯಾಂಪಸ್ಸಿನಲ್ಲಿ ಕೆಲಸ ಮಾಡಿಕೊಂಡು ಓದಿದವರು. 2018ರಲ್ಲಿ ಅದೇ ವಿಶ್ವವಿದ್ಯಾಲಯಕ್ಕೆ ವಿದ್ಯಾರ್ಥಿಗಳ ನೆರವಿಗೆಂದು 180 ಕೋಟಿ ಡಾಲರ್ ಕೊಟ್ಟರು. ದೊಡ್ಡ ಸುದ್ದಿಯಾಯಿತು. ಆದರೆ ಓದು ಮುಗಿಸಿದ ಮರುವರ್ಷ ಅವರು ಕೊಟ್ಟ ಮೊದಲ ದೇಣಿಗೆ 5 ಡಾಲರ್. ಆಗ ಕೈಲಿದ್ದದ್ದು ಅಷ್ಟು. ಆ 180 ಕೋಟಿ ನಮ್ಮ ಯಾರ ಕೈಲೂ ಆಗದು. 5 ಎಲ್ಲರ ಕೈಲೂ ಆಗುತ್ತದೆ.

ಅಷ್ಟು ಹೇಳಿದ ಮೇಲೂ ಕೊಡದವರು ಇರುತ್ತಾರೆ. ನಮ್ಮ ನಿಧಿಯಲ್ಲಿ ಓದಿ ಕೆಲಸ ಸಿಕ್ಕ ಮೇಲೆ ಫೋನ್ ಎತ್ತದವರು ಇದ್ದಾರೆ. ಮೊದಮೊದಲು ಕೋಪ ಬರುತ್ತಿತ್ತು. ಈಗ ಬರುವುದಿಲ್ಲ ಅಂದರೆ ಸುಳ್ಳು, ಕಡಿಮೆ ಬರುತ್ತದೆ. ಬಡ ಮನೆಯಲ್ಲಿ ಮೊದಲ ಸಂಬಳಕ್ಕೆ ಕಾಯುವವರ ಸಾಲು ದೊಡ್ಡದು. ಹಳೆ ಸಾಲ, ಅಮ್ಮನ ಔಷಧಿ, ತಮ್ಮನ ಓದು. ತಮ್ಮನ ಫೀಸು ಕಟ್ಟಿದವನು ನಮ್ಮ ಗ್ರೂಪಿಗೆ ಬರದಿದ್ದರೆ ಅವನು ಏನೂ ಕೊಡಲಿಲ್ಲ ಅಂತ ಹೇಗೆ ಅನ್ನೋದು? ಅದು ನಮ್ಮ ಲೆಕ್ಕದ ಪುಸ್ತಕಕ್ಕೆ ಬರಲಿಲ್ಲ, ಅಷ್ಟೇ.

ಓದು ಬಿಟ್ಟವನ ವಿಷಯ ಮಾತ್ರ ಇನ್ನೂ ಬಗೆಹರಿದಿಲ್ಲ. ಎರಡು ವರ್ಷ ಫೀಸು ಕಟ್ಟಿದ ಹುಡುಗನೊಬ್ಬ ಮೂರನೇ ವರ್ಷ ಕೆಲಸ ಸಿಕ್ಕಿತು ಅಂತ ಕಾಲೇಜು ಬಿಟ್ಟು ಹೋದ. ಹೇಳಿಯೂ ಹೋಗಲಿಲ್ಲ. ಹಣ ವಾಪಸ್ ಕೇಳಬೇಕು ಅಂತ ಕೆಲವರು, ಕೇಳಬಾರದು ಅಂತ ಕೆಲವರು. ಆ ಜಾಗಕ್ಕೆ ಕಾಯುತ್ತಿದ್ದ ಇನ್ನೊಂದು ಮಗುವಿಗೆ ಏನು ಹೇಳೋಣ ಅಂತ ಒಬ್ಬರು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಆ ಜಗಳದಲ್ಲಿ ಒಬ್ಬರು ನಿಧಿ ಬಿಟ್ಟರು. ಹಣ ಕೇಳಲಿಲ್ಲ. ಸರಿ ಮಾಡಿದೆವೋ ತಪ್ಪು ಮಾಡಿದೆವೋ, ಆ ಹುಡುಗನ ಹೆಸರು ಬಂದರೆ ಇವತ್ತಿಗೂ ಸಭೆಯಲ್ಲಿ ಎಲ್ಲರೂ ಫೋನ್ ನೋಡಲು ಶುರು ಮಾಡುತ್ತಾರೆ.

ಹೋದ ವರ್ಷ ನಮ್ಮ ನಿಧಿಯಲ್ಲಿ ಓದಿದವಳೊಬ್ಬಳು ಅರ್ಜಿ ನೋಡುವ ತಂಡಕ್ಕೆ ಸೇರಿದಳು. ಮೊದಲ ವರ್ಷ ಎರಡು ಪುಟ ಕಣ್ಣೀರು ತರಿಸಿದ್ದಳಲ್ಲ, ಅವಳೇ. "ಅಕ್ಕಾ, ಅವತ್ತು ಅದನ್ನ ನಾಲ್ಕು ಸಲ ಬರೆದಿದ್ದೆ. ಮೊದಲನೇದು ಓದಿ ನಂಗೇ ಅಳು ಬರ್ಲಿಲ್ಲ ಅಂತ ಮತ್ತೆ ಬರೆದೆ" ಅಂದಳು. ನಗಬೇಕೋ ಬೇಡವೋ ಗೊತ್ತಾಗಲಿಲ್ಲ. ಅವಳು ನಗುತ್ತಿದ್ದಳು, ಹಾಗಾಗಿ ನಕ್ಕೆ.

ಫಾರ್ಮ್ ಅವಳ ಕೈಗೆ ಕೊಟ್ಟೆ. ಆರು ಪುಟದಿಂದ ಇಳಿದು ಇಳಿದು ಮೂರಕ್ಕೆ ಬಂದಿತ್ತು. ಅದರ ಬಗ್ಗೆ ನನಗೆ ಸ್ವಲ್ಪ ಹೆಮ್ಮೆ ಇತ್ತು. ಕೊನೆಯ ಪುಟದಲ್ಲಿ ನಾನೇ ಇಷ್ಟಪಟ್ಟು ಸೇರಿಸಿದ್ದ ಪ್ರಶ್ನೆ ಒಂದಿತ್ತು. 'ನೀವು ಓದಿ ಮುಂದೆ ಬಂದ ಮೇಲೆ ಬೇರೆ ವಿದ್ಯಾರ್ಥಿಗಳಿಗೆ ಹೇಗೆ ನೆರವಾಗುತ್ತೀರಿ?' ಯಾರೂ ಅದರ ಬಗ್ಗೆ ಇದುವರೆಗೆ ತಕರಾರು ಮಾಡಿರಲಿಲ್ಲ. ಅವಳು ಓದಿದಳು, ಪೆನ್ನು ತೆಗೆದು ಅಡ್ಡ ಗೆರೆ ಎಳೆದಳು.

"ಯಾಕೆ? ಒಳ್ಳೆ ಪ್ರಶ್ನೆ ಅಲ್ವಾ?" ಅಂದೆ.

"ಇದಕ್ಕೆ ಎಲ್ಲರೂ ಒಂದೇ ಉತ್ತರ ಬರೀತಾರೆ ಅಕ್ಕಾ. ನಾನೂ ಬರೆದಿದ್ದೆ. ಇನ್ನೂ ದುಡ್ಡು ಬಂದಿಲ್ಲ, ಆಗಲೇ ಹೇಗೆ ತೀರಿಸ್ತೀಯ ಅಂತ ಕೇಳ್ದಂಗಿತ್ತು."

ಫಾರ್ಮ್ ಈಗ ಎರಡು ಪುಟ.